ಚಿತ್ರಪುಸ್ತಕದ ಪ್ರವಾಸ ನಮ್ಮೂರಿಂದ ಹೊರಡಲಿ

1794ರಲ್ಲಿ ಲಂಡನ್ನಿನಲ್ಲಿ ಒಂದು ಚಿತ್ರಸಂಪುಟ ಅಚ್ಚಾಯಿತು. ಮೈಸೂರು ಸೀಮೆಯ ಬೆಟ್ಟ, ಕೋಟೆ, ಊರುಗಳನ್ನು ರಾಬರ್ಟ್ ಹೋಮ್ ಎಂಬ ಕಲಾವಿದ ಅದರಲ್ಲಿ ಬರೆದಿದ್ದ. ಮಾಗಡಿ ಸೀಮೆಯ ಸಾವನದುರ್ಗ ಅದರಲ್ಲಿದೆ. ರಾಮಗಿರಿಯ ನೆತ್ತಿಯ ಮೇಲೆ ನಿಂತರೆ ಕಾಣುವ ಶಿವಗಿರಿಯೂ ಇದೆ. ಹೋಮ್ ಇಲ್ಲಿಗೆ ಬಂದದ್ದು ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಬಂದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ದಂಡಿನ ಜೊತೆ. ಆ ದಂಡು ಸಾವನದುರ್ಗವನ್ನು ಹಿಡಿದದ್ದು 1791ರ ಡಿಸೆಂಬರಿನಲ್ಲಿ. ಲಂಡನ್ನಿನಲ್ಲಿ ಆ ಸಂಪುಟ ಬಿಡಿಸಿ ಕೂತವರಿಗೆ ನಮ್ಮ ಬೆಟ್ಟಗಳೇ ಪರದೇಶ, ನಮ್ಮ ಊರುಗಳೇ ವಿದೇಶ ಪ್ರವಾಸದ ಚಿತ್ರ.

ಆಮೇಲೂ ಹಾಗೇ ನಡೆಯಿತು. 1975ರ ‘ಶೋಲೆ’ಯಲ್ಲಿ ರಾಮನಗರದ ರಾಮದೇವರ ಬೆಟ್ಟದ ತಪ್ಪಲು ರಾಮಗಢವಾಯಿತು. 1984ರಲ್ಲಿ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ತೆಗೆದಾಗ ನಮ್ಮ ಬಂಡೆಗಳು ಮರಬಾರ್ ಗುಹೆಗಳ ಬೆಟ್ಟವಾದವು. ಬಂದವರು ನೋಡಿದರು, ಬರೆದುಕೊಂಡರು, ಚಿತ್ರ ತೆಗೆದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಚನ್ನಪಟ್ಟಣದ ಏಳು ವರ್ಷದ ಹುಡುಗಿಯೊಬ್ಬಳು ಅಪ್ಪ, ಅಮ್ಮ, ಅಜ್ಜಿಯ ಜೊತೆ ಲಂಡನ್ನಿಗೋ ಜಪಾನಿಗೋ ಹೋಗಿ, ತನ್ನ ಕಣ್ಣಿಂದ ಆ ಊರನ್ನು ನೋಡುವ ಕನ್ನಡದ ಚಿತ್ರಪುಸ್ತಕ ಎಲ್ಲಿದೆ? ಅಂಥದ್ದು ಅಪರೂಪ. ಅದು ಯಾಕೆ ಬೇಕು, ಹೇಗಿರಬೇಕು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ವಿದೇಶ ಪ್ರವಾಸದ ಚಿತ್ರಪುಸ್ತಕ ಎಂದರೆ ಐಫೆಲ್ ಗೋಪುರದ ಫೋಟೊ, ಅದರ ಎತ್ತರ, ಕಟ್ಟಿದ ವರ್ಷ ಎಂದುಕೊಳ್ಳುವವರೇ ಹೆಚ್ಚು. ಅದು ಮಾಹಿತಿ ಪುಸ್ತಕ. ಚಿತ್ರಪುಸ್ತಕದ ಕಸುಬು ಬೇರೆ. 1916ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಮಿರೊಸ್ಲಾವ್ ಶಾಶೆಕ್ ಎಂಬ ಕಲಾವಿದ ಪ್ಯಾರಿಸ್ಸಿಗೆ ಹೋದಾಗ ಒಂದು ಸಂಗತಿಯನ್ನು ಗಮನಿಸಿದ. ತಂದೆ ತಾಯಂದಿರು ಕಟ್ಟಡಗಳನ್ನೂ ಕೈಪಿಡಿಯನ್ನೂ ನೋಡುತ್ತಿದ್ದರು. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಅಲ್ಲಿಂದ ಹುಟ್ಟಿದ್ದು 1959ರ ‘ದಿಸ್ ಈಸ್ ಪ್ಯಾರಿಸ್’. ಅರಮನೆ, ಚರ್ಚುಗಳ ಜೊತೆಗೆ ಬೀದಿಯ ಬೆಕ್ಕು, ಪೊಲೀಸು, ಹೂವು ಮಾರುವವರೂ ಆ ಪುಸ್ತಕದಲ್ಲಿ ಬಂದರು. ಆಮೇಲೆ ಲಂಡನ್, ರೋಮ್, ನ್ಯೂಯಾರ್ಕ್ ಎಂದು ಅದು ಒಂದು ಮಾಲೆಯೇ ಆಯಿತು. ಊರನ್ನು ಮಗುವಿನ ಎತ್ತರದಲ್ಲಿ ನಿಂತು ನೋಡಿದ ಮಾಲೆ ಅದು.

ಜಪಾನಿನ ಮಿತ್ಸುಮಾಸ ಅನ್ನೋ ಎಂಬ ಕಲಾವಿದರು ಇನ್ನೂ ಮುಂದೆ ಹೋದರು. 1977ರಲ್ಲಿ ಬಂದ ಅವರ ಯುರೋಪ್ ಪ್ರವಾಸದ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ. ದೋಣಿಯಲ್ಲಿ ಬಂದಿಳಿದ ಒಬ್ಬ ಪ್ರಯಾಣಿಕ ಕುದುರೆ ಹತ್ತಿ ಹಳ್ಳಿ, ಹೊಲ, ಸಂತೆ, ಪಟ್ಟಣ ದಾಟಿ ಹೋಗುತ್ತಾನೆ. ಪ್ರತಿ ಪುಟದಲ್ಲೂ ಅವನನ್ನು ಹುಡುಕಬೇಕು. ಹುಡುಕುತ್ತ ಹೋದಂತೆ ಆ ಪುಟದಲ್ಲಿರುವ ಮದುವೆ, ಜಗಳ, ಕೊಯ್ಲು, ಆಟ ಎಲ್ಲ ಕಣ್ಣಿಗೆ ಬೀಳುತ್ತವೆ. ಯಾವ ಭಾಷೆಯ ಮಗುವಾದರೂ ಅದನ್ನು ಓದಬಲ್ಲದು. ಅನ್ನೋ ಅವರಿಗೆ 1984ರಲ್ಲಿ ಮಕ್ಕಳ ಪುಸ್ತಕ ಲೋಕದ ದೊಡ್ಡ ಗೌರವವಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ಚಿತ್ರಪುಸ್ತಕದಲ್ಲಿ ಮಾತು ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವುದಿಲ್ಲ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ ಮಾಡಿದ ‘ರೋಸಿಸ್ ವಾಕ್’ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಕೋಳಿ ಹಟ್ಟಿಯ ಸುತ್ತ ಒಂದು ಸುತ್ತು ಹಾಕಿ ಗೂಡಿಗೆ ಮರಳುತ್ತದೆ. ಇಡೀ ಪುಸ್ತಕದಲ್ಲಿ ಇರುವುದು 32 ಪದ. ಕೋಳಿಯ ಹಿಂದೆ ನರಿಯೊಂದು ಹೊಂಚು ಹಾಕಿ ಬರುತ್ತಿರುವುದು ಮಾತ್ರ ಆ 32 ಪದಗಳಲ್ಲಿ ಎಲ್ಲಿಯೂ ಇಲ್ಲ, ಚಿತ್ರದಲ್ಲಷ್ಟೇ ಇದೆ. ಓದಿ ಹೇಳುವ ದೊಡ್ಡವರಿಗಿಂತ ಚಿತ್ರ ನೋಡುವ ಮಗುವಿಗೆ ಹೆಚ್ಚು ಗೊತ್ತಿರುತ್ತದೆ. ‘ನರಿ, ನರಿ’ ಎಂದು ಮಗು ಕೂಗುವ ಗಳಿಗೆಯಲ್ಲಿ ಅದು ಓದುಗನಾಗುತ್ತದೆ.

ಇಂಥ ಪುಸ್ತಕಗಳು ಸಾಮಾನ್ಯವಾಗಿ 32 ಪುಟದ್ದಾಗಿರುತ್ತವೆ. ದೊಡ್ಡ ಹಾಳೆಯನ್ನು ಮಡಚಿ 8 ಅಥವಾ 16 ಪುಟದ ಕಂತುಗಳಾಗಿ ಅಚ್ಚು ಹಾಕುವ ಪದ್ಧತಿಯಿಂದ ಬಂದ ಲೆಕ್ಕ ಅದು. ಶೀರ್ಷಿಕೆ, ಪ್ರಕಾಶಕರ ವಿವರ ಬಿಟ್ಟರೆ ಕತೆಗೆ ಉಳಿಯುವುದು ಎದುರುಬದುರು ಪುಟಗಳ ಹದಿಮೂರು ಹದಿನಾಲ್ಕು ಜೋಡಿ. ಅಷ್ಟರಲ್ಲೇ ಊರು ಬಿಡಬೇಕು, ವಿಮಾನ ಹತ್ತಬೇಕು, ಬೆರಗಾಗಬೇಕು, ಒಮ್ಮೆಯಾದರೂ ಅಳಬೇಕು, ಮನೆಗೆ ಮರಳಬೇಕು. ಒಂದು ಜೋಡಿ ಪುಟವನ್ನೂ ಪೋಲು ಮಾಡುವಂತಿಲ್ಲ. ನೋಡಿದ ಜಾಗಗಳ ಪಟ್ಟಿ ಕೊಟ್ಟರೆ ಅದು ಟ್ರಾವೆಲ್ ಏಜೆನ್ಸಿಯ ಕರಪತ್ರವಾಗುತ್ತದೆ. ಒಂದು ಮಗು, ಅದಕ್ಕೊಂದು ಆಸೆ, ಒಂದು ಹೆದರಿಕೆ, ಇಷ್ಟಿದ್ದರೆ ಕತೆ.

ಕನ್ನಡಕ್ಕೆ ಪರದೇಶ ಹೊಸದಲ್ಲ. ಬ್ರೌನಿಂಗನ ಇಂಗ್ಲಿಷ್ ಪದ್ಯದಲ್ಲಿದ್ದ ಜರ್ಮನಿಯ ಹ್ಯಾಮಲಿನ್ ಪಟ್ಟಣ ಕುವೆಂಪು ಅವರ ಕೈಯಲ್ಲಿ ಬೊಮ್ಮನಹಳ್ಳಿಯಾಯಿತು. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಚಿತ್ರಗಳೊಂದಿಗೆ ಹೊರತಂದು ಜಗತ್ತನ್ನೇ ಮಕ್ಕಳ ಮುಂದಿಟ್ಟರು. ಮಕ್ಕಳಿಗಾಗಿ ಬರೆಯುವುದನ್ನು ಒಂದು ವ್ರತದಂತೆ ನಡೆಸಿದ ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲೇ. ತುತ್ತೂರಿ, ನಾಯಿಮರಿಗಳಂಥ ಮನೆಯಂಗಳದ ವಸ್ತುಗಳಿಂದಲೇ ಅವರು ಕನ್ನಡದ ಶಿಶುಗೀತೆಯನ್ನು ಕಟ್ಟಿದರು. ‘ಅಮರ ಚಿತ್ರಕಥೆ’ಯ ಬೇರೂ ಕನ್ನಡದಲ್ಲಿದೆ. 1965ರಲ್ಲಿ ಬೆಂಗಳೂರಿನಿಂದ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಅವೂ ಸಿಂಡ್ರೆಲಾಳಂಥ ಪಶ್ಚಿಮದ ಕತೆಗಳು.

ದೊಡ್ಡವರಿಗಾಗಿ ಬರೆದ ಪ್ರವಾಸ ಕಥನಗಳಂತೂ ಕನ್ನಡದಲ್ಲಿ ಧಾರಾಳ. ಕಾರಂತರ ‘ಅಪೂರ್ವ ಪಶ್ಚಿಮ’, ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಓದಿದವರು ಇಂದಿಗೂ ಇದ್ದಾರೆ. ರಾಮನಗರದ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ವಿದೇಶಿ ಯಾತ್ರಿಕರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ದ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಹೊರಗಿನವರು ನಮ್ಮನ್ನು ಕಂಡದ್ದೂ ಕನ್ನಡದಲ್ಲಿದೆ, ನಮ್ಮ ಹಿರಿಯರು ಹೊರಗನ್ನು ಕಂಡದ್ದೂ ಕನ್ನಡದಲ್ಲಿದೆ. ನಮ್ಮ ಮಕ್ಕಳು ಹೊರಗನ್ನು ಕಾಣುವ ಸಾಲು ಮಾತ್ರ ತೆಳುವಾಗಿದೆ.

ಆ ಸಾಲನ್ನು ತುಂಬಲು ನಮ್ಮ ನಾಲ್ಕು ಊರುಗಳಷ್ಟು ತಕ್ಕ ಜಾಗ ಇನ್ನೊಂದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆದರೆ ಪರದೇಶದೊಂದಿಗೆ ಇವುಗಳ ನಂಟು ಬಹಳ ಹಳೆಯದು. ಒಂದು ಲಂಡನ್ ಪುಸ್ತಕವನ್ನೇ ಊಹಿಸಿ ನೋಡೋಣ. ಹೊರಡುವ ಮಗು ಈ ನಾಲ್ಕರಲ್ಲಿ ಯಾವ ಊರಿನದಾದರೂ ಆಗಬಹುದು.

ಪ್ರಯಾಣ ಶುರುವಾಗುವ ವಿಮಾನ ನಿಲ್ದಾಣದ ಹೆಸರೇ ಕೆಂಪೇಗೌಡ. 2022ರಲ್ಲಿ ಅಲ್ಲಿ ನಿಂತ 108 ಅಡಿಯ ಪ್ರತಿಮೆಯನ್ನು ಮಾಗಡಿಯ ಮಗು ಕತ್ತೆತ್ತಿ ನೋಡುತ್ತದೆ. ಆ ಕೆಂಪೇಗೌಡರ ಸಮಾಧಿ ತನ್ನ ತಾಲ್ಲೂಕಿನ ಕೆಂಪಾಪುರದಲ್ಲಿದೆ ಎಂಬುದು ಅದಕ್ಕೆ ಗೊತ್ತು. ಸಾಲಿನಲ್ಲಿ ಪಕ್ಕ ನಿಂತ ಯಾವ ಪ್ರಯಾಣಿಕರಿಗೂ ಗೊತ್ತಿರದ ಸಂಗತಿ ಅದು! ಚೆಕ್-ಇನ್ ಕೌಂಟರಿನಲ್ಲಿ ಅಜ್ಜಿಯ ಚೀಲದಿಂದ ಚಟ್ನಿಪುಡಿ, ಹುರಿಗಾಳು, ಮಾವಿನಕಾಯಿ ಉಪ್ಪಿನಕಾಯಿ ಹೊರಬರುವ ಚಿತ್ರಕ್ಕೆ ಮಾತೇ ಬೇಡ.

ಲಂಡನ್ನಿನಲ್ಲಿ ಇಳಿದ ದಿನದ ಪುಟ ಬೆಳಕಿನದು. ಮೇ ತಿಂಗಳ ಬೇಸಿಗೆ ರಜೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆಯಾದರೂ ಕತ್ತಲಾಗುವುದಿಲ್ಲ. ಅದೇ ಹೊತ್ತಿಗೆ ಕನಕಪುರದ ಮನೆಯಲ್ಲಿ ನಡುರಾತ್ರಿ ಒಂದು ಗಂಟೆ. ಎಡಪುಟದಲ್ಲಿ ಬೆಳಕಿನ ಉದ್ಯಾನ, ಬಲಪುಟದಲ್ಲಿ ಹಟ್ಟಿಯಲ್ಲಿ ಮಲಗಿದ ಹಸು, ಜಗಲಿಯ ಮೇಲೆ ಮಲಗಿದ ತಾತ. ಭೂಮಿ ಗುಂಡಗಿದೆ, ತಿರುಗುತ್ತದೆ ಎಂಬ ಪಾಠ ಇಷ್ಟು ಚೆನ್ನಾಗಿ ಯಾವ ಪಠ್ಯದಲ್ಲೂ ಮನಸ್ಸಿಗೆ ಇಳಿಯಲಾರದು.

ಲಂಡನ್ ಗೋಪುರಕ್ಕೆ ಹೋದರೆ ಅಲ್ಲಿ ಕಾವಲುಗಾರರು ಸಾಕುವ ದೊಡ್ಡ ಕಾಗೆಗಳಿವೆ. ಕನಿಷ್ಠ ಆರು ಇರಲೇಬೇಕು ಎಂಬುದು ಅಲ್ಲಿನ ನಂಬಿಕೆ. ಅವು ಹೋದರೆ ರಾಜ್ಯವೇ ಬೀಳುತ್ತದಂತೆ. ರಾಮನಗರದ ಮಗುವಿಗೆ ಇದು ವಿಚಿತ್ರವೆನಿಸುವುದಿಲ್ಲ. 2012ರಲ್ಲಿ ರಣಹದ್ದುಗಳಿಗಾಗಿಯೇ ವನ್ಯಧಾಮವಾದ ರಾಮದೇವರ ಬೆಟ್ಟದ ಕೆಳಗೆ ಅದು ಬೆಳೆದಿದೆ. ಹಕ್ಕಿ ಉಳಿಯದಿದ್ದರೆ ಊರಿಗೆ ಕೇಡು ಎಂಬ ಮಾತು ಅಲ್ಲಿ ನಂಬಿಕೆ, ಇಲ್ಲಿ ನಿಜ. ಸತ್ತ ದನಕರುಗಳ ಕಳೇಬರವನ್ನು ಊರಿಂದ ಚೊಕ್ಕಟವಾಗಿ ತೆಗೆಯುತ್ತಿದ್ದ ರಣಹದ್ದು, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧದಿಂದ ದೇಶವಿಡೀ ಅಳಿವಿನಂಚಿಗೆ ಬಂತು. ಎರಡು ಊರಿನ ಎರಡು ಹಕ್ಕಿ, ಎರಡೇ ಪುಟ. ಹೇಳಬೇಕಾದ್ದೆಲ್ಲ ಅದರಲ್ಲಿ ಬಂತು.

ಅಲ್ಲಿಂದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ. ಅದರ ಒಳಗೆ ಟಿಪ್ಪು ಸುಲ್ತಾನನ ಮರದ ಹುಲಿ ಇದೆ. ಯುರೋಪಿನ ಸಿಪಾಯಿಯ ಮೇಲೆರಗಿದ ಹುಲಿ, ಅದರ ಹೊಟ್ಟೆಯಲ್ಲೊಂದು ವಾದ್ಯ, ತಿರುಗಿಸಲು ಒಂದು ಹಿಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಕೊಂಡೊಯ್ದದ್ದು. ಚನ್ನಪಟ್ಟಣದ ಮಗು ಅದರ ಮುಂದೆ ನಿಂತರೆ ಏನು ಕೇಳುತ್ತದೆ? ಇದು ಯಾವ ಮರ? ಬಣ್ಣ ಹೇಗೆ ಹಚ್ಚಿದರು? ಇದು ನಮ್ಮದಲ್ಲವೇ, ಇಲ್ಲಿಗೆ ಹೇಗೆ ಬಂತು? ಮೂರನೆಯ ಪ್ರಶ್ನೆಗೆ ದೊಡ್ಡವರು ತಡವರಿಸುತ್ತಾರೆ. ಪುಸ್ತಕ ತಡವರಿಸಬಾರದು. ಯುದ್ಧದಲ್ಲಿ ಗೆದ್ದವರು ತೆಗೆದುಕೊಂಡು ಹೋದರು ಎಂದು ನೇರವಾಗಿ ಹೇಳಬಹುದು. ಮಕ್ಕಳಿಗೆ ನಿಜ ಹೇಳುವುದರಿಂದ ಪ್ರವಾಸದ ಖುಷಿ ಕೆಡುವುದಿಲ್ಲ.

ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರಿನಿಂದ ಬಸವಣ್ಣನವರ ಪ್ರತಿಮೆಯಿದೆ. ಎದುರು ದಡದಲ್ಲಿ ಅಲ್ಲಿನ ಸಂಸತ್ತು. ಅಜ್ಜಿ ಅಲ್ಲಿ ನಿಂತು ಕೈಮುಗಿಯುವ ಒಂದು ಪುಟ ಸಾಕು, ಪರದೇಶದಲ್ಲಿ ಕಂಗಾಲಾಗಿದ್ದ ಅಜ್ಜಿಗೆ ಮಾತು ಮರಳಿತೆಂದು ಮಗುವಿಗೆ ತಿಳಿಯುತ್ತದೆ. ನದಿಯ ಮಾತು ಬಂದರೆ ಕನಕಪುರದ ಮಗು ಸಂಗಮವನ್ನು ನೆನೆಯುತ್ತದೆ. ಅರ್ಕಾವತಿ ಕಾವೇರಿಗೆ ಸೇರುವ ಅಲ್ಲಿ ಗುಂಡನೆಯ ತೆಪ್ಪದಲ್ಲಿ ದಾಟಿ ಮೇಕೆದಾಟಿಗೆ ಹೋಗುತ್ತಾರೆ. ಅಂಥದ್ದೇ ಬುಟ್ಟಿಯಾಕಾರದ ದೋಣಿಗಳನ್ನು ವೇಲ್ಸಿನ ಕೆಲವು ನದಿಗಳಲ್ಲಿ ಮೀನುಗಾರರು ತಲೆತಲಾಂತರದಿಂದ ಬಳಸುತ್ತ ಬಂದಿದ್ದಾರೆ. ಸಾವಿರಾರು ಮೈಲಿ ದೂರದ ಎರಡು ಊರಿನ ಜನ ನೀರಿನ ಮುಂದೆ ಒಂದೇ ಉಪಾಯ ಮಾಡಿದ್ದು ಮಗುವಿಗೆ ಎಷ್ಟು ದೊಡ್ಡ ಸುದ್ದಿ!

ಎರಡನೆಯ ಪುಸ್ತಕ ಜಪಾನಿಗೆ ಹೊರಡಬಹುದು. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹಳದಿ ಬಣ್ಣದ ಮಿಶ್ರತಳಿ ಗೂಡೂ ಬಿಳಿಯ ದ್ವಿತಳಿ ಗೂಡೂ ಹರಾಜಿಗೆ ಬರುತ್ತವೆ. ದ್ವಿತಳಿ ಬೆಳೆ ನಮ್ಮಲ್ಲಿ ನೆಲೆಗೊಳ್ಳಲು 1990ರ ದಶಕದಲ್ಲಿ ಜಪಾನಿನ ನೆರವು ದೊಡ್ಡದು. ಅದಕ್ಕೂ ನೂರು ವರ್ಷ ಮೊದಲೇ ಜಮ್‌ಸೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ತಜ್ಞರ ಸಹಾಯದಿಂದ ರೇಷ್ಮೆ ತೋಟ ತೆರೆದಿದ್ದರು. ಆ ದೇಶದ ಗುನ್ಮಾ ಪ್ರಾಂತ್ಯದಲ್ಲಿ 1872ರಲ್ಲಿ ಶುರುವಾದ ತೊಮಿಯೊಕಾ ನೂಲು ಬಿಚ್ಚಾಣಿಕೆ ಕಾರ್ಖಾನೆ 2014ರಲ್ಲಿ ವಿಶ್ವ ಪಾರಂಪರಿಕ ತಾಣವಾಯಿತು. ರೀಲರ ಮನೆಯ ಹುಡುಗ ಅಲ್ಲಿ ಕಾಲಿಟ್ಟರೆ ಅವನು ಬರಿಯ ಪ್ರವಾಸಿಯಾಗಿ ಉಳಿಯುವುದಿಲ್ಲ. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವುದು, ಆ ವಾಸನೆ, ನೆಂದು ಬೆಳ್ಳಗಾಗುವ ಅಮ್ಮನ ಬೆರಳು ಅವನಿಗೆ ಗೊತ್ತು. ಅಲ್ಲಿನ ಮಕ್ಕಳಿಗೆ ಅವನೇ ವಿವರಿಸಬಲ್ಲ.

ಅದೇ ಜಪಾನಿನ ಈಶಾನ್ಯ ಭಾಗದಲ್ಲಿ ಕೊಕೇಶಿ ಎಂಬ ಮರದ ಗೊಂಬೆಗಳಿವೆ. ಕೈಕಾಲಿಲ್ಲದ ಗುಂಡು ಮೈ, ಲೇತಿನ ಮೇಲೆ ಮರ ತಿರುಗುತ್ತಿರುವಾಗಲೇ ಬಳಿಯುವ ಬಣ್ಣದ ಪಟ್ಟೆ. ಚನ್ನಪಟ್ಟಣದಲ್ಲೂ ಹಾಲೆಮರದ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಜಪಾನಿನ ತಂತ್ರವನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾನ್ ಅವರ ಹೆಸರನ್ನು ಚನ್ನಪಟ್ಟಣದವರು ಗೌರವದಿಂದ ಹೇಳುತ್ತಾರೆ. ಗೊಂಬೆ ಮಾಡುವ ಮನೆಯ ಮಗಳು ಕೊಕೇಶಿ ಮಾಡುವ ಅಜ್ಜನ ಮುಂದೆ ಕೂತ ಚಿತ್ರದಲ್ಲಿ ಇಬ್ಬರಿಗೂ ಭಾಷೆ ಬೇಕಾಗುವುದಿಲ್ಲ.

ಪರದೇಶವನ್ನು ಮಗು ತನ್ನೂರಿನ ಕಣ್ಣಿಂದಲೇ ನೋಡುತ್ತದೆ. ಊರು ಎಷ್ಟು ಚೆನ್ನಾಗಿ ಗೊತ್ತೋ ಪರದೇಶ ಅಷ್ಟು ಚೆನ್ನಾಗಿ ಕಾಣುತ್ತದೆ. ಇಂಗ್ಲಿಷಿನಿಂದ ಅನುವಾದಿಸಿದ ಪುಸ್ತಕಗಳು ಬರಲಿ, ಇನ್ನೂ ಹೆಚ್ಚು ಬರಲಿ. ಆದರೆ ಅವುಗಳಲ್ಲಿ ಹೊರಡುವ ಮನೆ ಬೇರೆ, ಅಜ್ಜಿ ಬೇರೆ, ನೆನಪಾಗುವ ಬೆಟ್ಟ ಬೇರೆ. ಹೊರಡುವ ಮನೆ ನಮ್ಮದಾದ ಪುಸ್ತಕವನ್ನು ನಾವೇ ಮಾಡಿಕೊಳ್ಳಬೇಕು.

ಈ ಪ್ರವಾಸಕ್ಕೆ ಇನ್ನೊಂದು ದಿಕ್ಕೂ ಇದೆ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ, ಕೊಲ್ಲಿ ದೇಶಗಳಲ್ಲಿ ಹುಟ್ಟಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ರಜೆಯ ವಿದೇಶ ಪ್ರವಾಸವೆಂದರೆ ಕನಕಪುರದ ಅಜ್ಜಿ ಮನೆ. ಅಮೆರಿಕದ ಬಹಳಷ್ಟು ಶಾಲೆಗಳಿಗೆ ರಜೆ ಬರುವುದು ಜೂನಿನ ಹೊತ್ತಿಗೆ. ಇಲ್ಲಿ ಆಗ ಶಾಲೆ ಶುರುವಾಗಿರುತ್ತದೆ, ಮಾವು ಮುಗಿಯುತ್ತ ಬಂದಿರುತ್ತದೆ. ಆಡಲು ಬಂದ ಮಗುವಿಗೆ ಹಗಲೆಲ್ಲ ಜೊತೆಯವರಿಲ್ಲ. ಮುದ್ದೆ ನುಂಗಲು ಬಾರದು, ಸೊಳ್ಳೆ ಕಚ್ಚುತ್ತದೆ, ಅತ್ತೆ ಮಾವಂದಿರು ಕೆನ್ನೆ ಹಿಂಡುತ್ತಾರೆ. ನಿಧಾನಕ್ಕೆ ಬಿಡದಿಯ ತಟ್ಟೆ ಇಡ್ಲಿ, ಜಾನಪದ ಲೋಕದ ತೊಗಲುಗೊಂಬೆ, ಸಂಜೆ ಶಾಲೆಯಿಂದ ಓಡಿ ಬರುವ ಚಿಕ್ಕಪ್ಪನ ಮಕ್ಕಳು ಅದನ್ನು ಒಳಗೆ ಎಳೆದುಕೊಳ್ಳುತ್ತಾರೆ. ಹೊರಡುವ ದಿನ ಅಳುವುದು ಅದೇ ಮಗು. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆಲನ್ ಸೇ 1993ರಲ್ಲಿ ‘ಗ್ರ್ಯಾಂಡ್‌ಫಾದರ್ಸ್ ಜರ್ನಿ’ ಎಂಬ ಚಿತ್ರಪುಸ್ತಕದಲ್ಲಿ ಇದೇ ಭಾವವನ್ನು ಹಿಡಿದರು. ಒಂದು ದೇಶದಲ್ಲಿದ್ದಾಗ ಇನ್ನೊಂದಕ್ಕೆ ಹಂಬಲಿಸುವ ಕುಟುಂಬದ ಕತೆ ಅದು. ಕನ್ನಡದ ಎಷ್ಟೋ ಮನೆಗಳಲ್ಲಿ ಆ ಕತೆ ಇವತ್ತು ನಡೆಯುತ್ತಿದೆ, ಬರೆಯುವವರು ಬೇಕು.

ವಿದೇಶಕ್ಕೆ ಹೋಗುವವರು ಕೆಲವರು, ಉಳಿದ ಮಕ್ಕಳಿಗೆ ಈ ಪುಸ್ತಕ ಹೊಟ್ಟೆಕಿಚ್ಚು ತರುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪುಸ್ತಕದಲ್ಲಿ ಮಾಲು, ಹೋಟೆಲು, ಕೊಂಡ ವಸ್ತುಗಳೇ ತುಂಬಿದ್ದರೆ ಖಂಡಿತ ಹಾಗಾಗುತ್ತದೆ. ಅದು ಪ್ರವಾಸದ ಕತೆಯಾಗುವುದಿಲ್ಲ, ಶ್ರೀಮಂತಿಕೆಯ ಪ್ರದರ್ಶನವಾಗುತ್ತದೆ. ನೋಡುವುದು, ಕೇಳುವುದು, ಹೋಲಿಸುವುದು ಪುಸ್ತಕದಲ್ಲಿದ್ದರೆ ಅದು ಟಿಕೆಟ್ಟಿಲ್ಲದವರ ಪ್ರವಾಸವೂ ಆಗುತ್ತದೆ. ಪಾಸ್‌ಪೋರ್ಟ್ ಇಲ್ಲದ ಮಗುವಿಗೇ ಇಂಥ ಪುಸ್ತಕದ ಅಗತ್ಯ ಹೆಚ್ಚು. ಹೋಗಿಬಂದ ಮಗುವಿಗೆ ಅದು ನೆನಪು. ಹೋಗದ ಮಗುವಿಗೆ ಅದೇ ಪ್ರಯಾಣ.

ಆ ಮಗುವಿನ ಕೈಗೆ ಪುಸ್ತಕ ತಲುಪುವ ದಾರಿ ಈಗಾಗಲೇ ಇದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡದ ಚಿತ್ರಪುಸ್ತಕಗಳನ್ನು ತಂದಿದೆ. 2015ರಲ್ಲಿ ಅದು ತೆರೆದ ಸ್ಟೋರಿವೀವರ್ ವೇದಿಕೆಯಲ್ಲಿ ಸಾವಿರಾರು ಕತೆಗಳು ಮುಕ್ತ ಪರವಾನಗಿಯಡಿ ಸಿಗುತ್ತವೆ. ಯಾರು ಬೇಕಾದರೂ ಓದಬಹುದು, ಕನ್ನಡಕ್ಕೆ ತರಬಹುದು, ಮುದ್ರಿಸಿ ಹಂಚಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಮಕ್ಕಳ ಪುಸ್ತಕಗಳು ದಶಕಗಳಿಂದ ಇವೆ. ಕೊರತೆ ಇರುವುದು ನಮ್ಮ ಊರಿನಿಂದ ಹೊರಡುವ ಕತೆಗಳದ್ದು.

ಓದಿ ಹೇಳುವವರು ಒಂದೆರಡು ಸಂಗತಿ ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮೊದಲು ಚಿತ್ರ ನೋಡಲು ಬಿಡಿ, ಆಮೇಲೆ ಅಕ್ಷರಕ್ಕೆ ಬನ್ನಿ. ಪುಟ ತಿರುಗಿಸುವುದು ಮಗುವಿನ ಕೈಯಲ್ಲಿರಲಿ. ‘ಇದರಿಂದ ಏನು ಕಲಿತೆ’ ಎಂದು ಕೊನೆಗೆ ಪರೀಕ್ಷೆ ಮಾಡಬೇಡಿ. ‘ನಮ್ಮೂರಲ್ಲಿ ಇಂಥದ್ದು ಎಲ್ಲಿದೆ’ ಎಂದು ಕೇಳಿ. ಉತ್ತರ ತಾನಾಗಿ ಬರುತ್ತದೆ. ಸಾಧ್ಯವಾದರೆ ಮರುದಿನ ಆ ಜಾಗಕ್ಕೆ ಕರೆದುಕೊಂಡು ಹೋಗಿ. ರೇಷ್ಮೆಗೂಡಿನ ಹರಾಜು, ಗೊಂಬೆಯ ಲೇತು, ಸಾವನದುರ್ಗದ ಬುಡ ಯಾವುದಕ್ಕೂ ವೀಸಾ ಬೇಕಿಲ್ಲ.

ಕೊನೆಯದಾಗಿ ಕೆಲವರಲ್ಲಿ ಒಂದು ವಿನಂತಿ. ಕತೆಗಾರರೇ, ಚಿತ್ರಕಾರರೇ, ಮೂವತ್ತೆರಡು ಪುಟದ ಒಂದು ಪ್ರವಾಸವನ್ನು ಈ ನಾಲ್ಕು ಊರಿನ ಒಂದು ಮನೆಯಿಂದ ಹೊರಡಿಸಿ. ಬರೆಯುವ ಮುನ್ನ ಆ ಮನೆಯ ಮಕ್ಕಳ ಜೊತೆ ಕೂತು ಮಾತಾಡಿ. ಪ್ರಕಾಶಕರೇ, ಬಣ್ಣದ ಮುದ್ರಣ ದುಬಾರಿ ಎಂಬುದು ನಿಜ, ಆದರೂ ವರ್ಷಕ್ಕೊಂದು ಚಿತ್ರಪುಸ್ತಕವನ್ನಾದರೂ ನಿಮ್ಮ ಪಟ್ಟಿಗೆ ಸೇರಿಸಿ. ವಿದೇಶಕ್ಕೆ ಹೋಗಿಬರುವ ಪೋಷಕರೇ, ಬರುವಾಗ ಚಾಕಲೇಟಿನ ಜೊತೆ ಒಂದು ಒಳ್ಳೆಯ ಚಿತ್ರಪುಸ್ತಕವನ್ನೂ ತಂದು ನಿಮ್ಮೂರಿನ ಅರಿವು ಕೇಂದ್ರಕ್ಕೆ ಕೊಡಿ, ಒಂದು ಸಂಜೆ ಅಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿ. ಪರದೇಶ ನೋಡುವ ಹಕ್ಕು ಹಣವಿದ್ದ ಮಕ್ಕಳದ್ದಷ್ಟೇ ಅಲ್ಲ. ಆ ಹಕ್ಕನ್ನು ಎಲ್ಲ ಮಕ್ಕಳಿಗೂ ಕೊಡಬಲ್ಲ ಅಗ್ಗದ ಸಾಧನ ಚಿತ್ರಪುಸ್ತಕ.